ಕೈ ಮುಚ್ಚಿದ ಊರು

ನಮ್ಮೂರಲ್ಲಿ ಅಂಟುಜಾಡ್ಯ ತಗುಲಿದವರು ಮುಟ್ಟಿದ್ದೆಲ್ಲ ನೀಲಿಯಾಗುತ್ತದೆ. ಕೈ ನೋಡಿದರೆ ಏನೂ ತಿಳಿಯುವುದಿಲ್ಲ, ಎಲ್ಲರ ಕೈಯಂತೆಯೇ ಇರುತ್ತದೆ. ಬಾಗಿಲು ದೂಡಿದರೆ ಬಾಗಿಲ ಮೇಲೆ ಅಂಗೈ ಸಮೇತ ಐದು ಬೆರಳು ಮೂಡುತ್ತವೆ. ಮಗುವಿನ ಕೆನ್ನೆ ಹಿಂಡಿದರೆ ಕೆನ್ನೆಯ ಮೇಲೆ. ಜಾಡ್ಯ ಬಿಟ್ಟ ಮೇಲೆ ನೀಲಿಯೂ ನಿಲ್ಲುತ್ತದೆ. ಯಾಕೆ ಹೀಗೆ ಎಂದು ನಾವ್ಯಾರೂ ತಲೆ ಕೆಡಿಸಿಕೊಂಡವರಲ್ಲ. ಬೇರೆ ಊರುಗಳಲ್ಲಿ ಹೀಗಿಲ್ಲವಂತೆ ಎಂದು ಯಾರೋ ಹೇಳಿದಾಗ ನಮ್ಮಜ್ಜಿ, “ಹಂಗಾದ್ರೆ ಆ ಜನ ಯಾರ್ ಕೈಲಿ ಏನೈತೆ ಅಂತ ಹೆಂಗ್ ತಿಳ್ಕತಾರೆ, ಪಾಪ!” ಎಂದು ಮರುಗಿದ್ದಳು.

ನಮ್ಮ ಬಾಳು ಅದಕ್ಕೆ ಒಗ್ಗಿಕೊಂಡಿತ್ತು. ಬೆಳಿಗ್ಗೆ ಎದ್ದ ಹೆಂಗಸರು ದೇವರ ಮುಖಕ್ಕಿಂತ ಮೊದಲು ಚೆಂಬಿನ ಕಂಠ ನೋಡುತ್ತಿದ್ದರು. ಜ್ವರವೆಂದು ಸುಳ್ಳು ಹೇಳಿ ಕೂಲಿಗೆ ಚಕ್ಕರ್ ಹೊಡೆಯುವಂತಿರಲಿಲ್ಲ. ಕದ್ದು ಓಡಾಡುವ ಗಂಡಸರು ನೆಗಡಿಯಾದ ವಾರ ಹೊಸ್ತಿಲು ದಾಟುತ್ತಿರಲಿಲ್ಲ. ದಾಟಿದ ಒಬ್ಬನ ಗುಟ್ಟು ಯಾರದೋ ಹಿತ್ತಲ ಬಾಗಿಲ ಮೇಲೆ ನೀಲಿಯಾಗಿ ಬಿದ್ದು ಊರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕಿತ್ತು. ಗುರುತು ಮೂಡಿದ ಮನೆಯವರು ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿ ಒಳಗೇ ಉಳಿಯುವರು. ನೆರೆಯವರು ಗಂಜಿ ತಂದು ಜಗಲಿಯ ಮೇಲಿಟ್ಟು ಕೂಗಿ ಹೇಳಿ ಹೋಗುವರು. ಬಟ್ಟೆ ಪಾತ್ರೆ ಕುದಿಯುವ ನೀರಿಗೆ, ಗೋಡೆಗೆ ಸುಣ್ಣ. ಜಾಡ್ಯ ಒಂದೆರಡು ಮನೆಯಲ್ಲೇ ಉಸಿರು ಕಟ್ಟಿ ಸಾಯುತ್ತಿತ್ತು. ಅದರಲ್ಲಿ ನಾಚುವಂಥದ್ದೇನೂ ಇರಲಿಲ್ಲ. ನೀಲಿ ಮೇಲಿನ ಬೀದಿಯವರ ಕೈಗೂ ಬರುತ್ತಿತ್ತು, ನಮ್ಮ ಕೆಳಗಲ ಕೇರಿಯವರ ಕೈಗೂ ಬರುತ್ತಿತ್ತು. ಊರಲ್ಲಿ ಜಾತಿ ಕೇಳದೆ ಒಳಗೆ ಬರುತ್ತಿದ್ದದ್ದು ಅದೊಂದೇ. ಮೇಲಿನವರಿಗೆ ಸಹಿಸಲಾಗದೆ ಹೋದದ್ದೂ ಅದನ್ನೇ.

ಕೈಗವಸು ಶುರುವಾದದ್ದು ಪುರಸಭೆಯ ಚೇರ್ಮನ್ ನಂಜರಾಜರ ಮನೆಯಿಂದ. ಹಿರೀಮಗಳನ್ನು ನೋಡಲು ಗಂಡಿನ ಕಡೆಯವರು ಬರುವ ಹೊತ್ತಿಗೆ ಸರಿಯಾಗಿ ಅವರ ಹೆಂಡತಿ ಸರ್ವಮಂಗಳಮ್ಮನ ಕೈ ನೀಲಿ ಬಿಡತೊಡಗಿತು. ಬಂದವರ ಮುಂದೆ ಬೆಳ್ಳಿ ಲೋಟದ ಮೇಲೆ ನೀಲಿ ಬೆರಳು ಮೂಡಿದರೆ ಮದುವೆ ಮುರಿಯುವುದೇ ಸೈ. ಆಕೆ ಹಳೆಯ ರೇಷ್ಮೆಯ ಪಟ್ಟೆ ಸೀರೆಯ ಅಂಚು ಕತ್ತರಿಸಿ, ಎರಡು ಪದರ ಹಾಕಿ, ಮೊಣಕೈವರೆಗೂ ಗವಸು ಹೊಲಿಸಿಕೊಂಡು ನಿಂತಳು. ಗಂಡಿನ ತಾಯಿ ಕಣ್ಣರಳಿಸಿ, “ಏನ್ರೀ ಇದು, ಎಷ್ಟು ಲಕ್ಷಣವಾಗಿದೆ!” ಅಂದಳು. ಮದುವೆಗೆ ಅವರ ಕಡೆಯವರೆಲ್ಲ ಗವಸು ತೊಟ್ಟೇ ಬಂದರು. ಬೀಗರ ಮನೆಯಲ್ಲಿ ಆ ವಾರ ಎಷ್ಟು ಜನ ಮಲಗಿದರೋ, ಗವಸಿನೊಳಗೆ ಕಂಡವರಾರು?

ಆಮೇಲೆ ಮೇಲಿನ ಬೀದಿಯಲ್ಲಿ ಬರಿಗೈ ಅನ್ನುವುದೇ ಬೆತ್ತಲೆಯಾಯಿತು. ಬಾಣಂತಿಗೆ ಗವಸು, ವರನಿಗೆ ಗವಸು, ಹೆಣಕ್ಕೂ ಗವಸು. ಅದೇ ವರ್ಷ ಪುರಸಭೆ ಸಂತೆಯ ಬಾಗಿಲಲ್ಲಿ, ಬಸ್‌ಸ್ಟ್ಯಾಂಡಿನಲ್ಲಿ, ಶಾಲೆಯ ಗೇಟಿನಲ್ಲಿ ಬಿಳಿ ಗೋಡೆ ಎಬ್ಬಿಸಿತು. ಒಳಗೆ ಬರುವವರು ಗೋಡೆಗೆ ಅಂಗೈ ಒತ್ತಿಯೇ ಬರಬೇಕು. ಊರಿನ ಆರೋಗ್ಯಕ್ಕಾಗಿ ಅಂದರು. ಗವಸು ಹಾಕಿದವರು ಒತ್ತಬೇಕಿಲ್ಲ. ಮಾನವಂತರ ಕೈ ಬಿಚ್ಚಿಸುವುದು ಸಭ್ಯತೆಯಲ್ಲ ಅಂದರು. ನಮ್ಮ ಕೇರಿಯ ಹುಡುಗನೊಬ್ಬ ಆಸೆಗೆ ಬಿದ್ದು ಗವಸು ಹೊಲಿಸಿಕೊಂಡು ಸಂತೆಗೆ ಹೋದ. “ಏನೋ ಮುಚ್ಚಿಟ್ಟಿದೀಯ ಅದರೊಳಗೆ?” ಎಂದು ಬಡಿದು ಕಳಿಸಿದರು. ಗವಸಿನೊಳಗಿನ ಅವನ ಕೈ ಶುದ್ಧವಾಗಿತ್ತು. ಹೊಡೆದವರ ಕೈ ಹೇಗಿತ್ತೆಂದು ಕೇಳುವ ಹಕ್ಕು ಅವನ ಬೆನ್ನಿಗಿರಲಿಲ್ಲ.

ಇನ್ನೊಂದು ಹೇಸಿಗೆಯ ಮಾತು ಹೇಳಲೇಬೇಕು. ಗವಸು ತೊಟ್ಟವರು ಅದನ್ನು ಬಿಚ್ಚುವಂತಿರಲಿಲ್ಲ. ಬಿಚ್ಚಿದಾಗ ಮುಟ್ಟಿದ್ದು ನೀಲಿಯಾದರೆ ಆಳುಗಳ ಕಣ್ಣಿಗೆ ಬೀಳುತ್ತದಲ್ಲ? ಉಣ್ಣುವಾಗಲೂ ಅದೇ, ಬಡಿಸುವಾಗಲೂ ಅದೇ. ನಮ್ಮ ಅತ್ತಿಗೆ ಮಂಚಮ್ಮ ಒಂದು ದಿನ ಸೌದೆ ಒಲೆಯ ಮುಂದೆ ಕೂತು ನನ್ನನ್ನು ಕೇಳಿದಳು: “ಅಲ್ಲ ಕಣೇ ಚಿಕ್ಕತಾಯಿ, ಚೆಂಬು ತಕಂಡು ಹಿತ್ಲಿಗೆ ಹೋಯ್ತಾರಲ್ಲ, ಆಗೇನ್ ಮಾಡ್ತಾರೆ?”

“ಆಗಲೂ ಹಾಕ್ಕಂಡೇ ಹೋಯ್ತಾರಂತೆ, ಅತ್ತಿಗೆ. ಅವರ ಮನೆ ಕಸ ಗುಡಿಸೋಳು ಹೇಳಿದ್ಲು.”

“ಥೂ! ಕುಂಡಿ ತೊಳೆಯೋಕೂ ಪಟ್ಟೇ ಗವಸಾ? ಅದೇ ಕೈಲಿ ಬಂದು ತುಳಸಿಗೆ ನೀರಾ? ನಮ್ಮನ್ನ ಮುಟ್ಟುದ್ರೆ ಮೈಲಿಗೆ ಅಂತಾರಲ್ಲೇ, ಆ ತುಳಸಿಗೇನಾದ್ರೂ ಬಾಯಿದ್ದಿದ್ರೆ!” ಎಂದು ನಕ್ಕವಳು ಹೊಗೆ ನೆತ್ತಿಗೇರಿ ಕೆಮ್ಮಿದಳು.

ಮಂಚಮ್ಮ ಶಾಲೆಯ ಬಿಸಿಯೂಟದ ಅಡುಗೆಯವಳು, ನಾನು ಅವಳ ಕೈಯಾಳು. ನನ್ನಣ್ಣ ತೀರಿಕೊಂಡ ಮೇಲೆ ಅವಳು ಹಿಡಿದದ್ದು ಎರಡನ್ನು: ಆ ಅಡುಗೆಮನೆಯ ಸೌಟು ಮತ್ತು ಮಗಳು ಗೌತಮಿ. ಗೌತಮಿ ಹಾಲುಗೂಸಾಗಿದ್ದಾಗ ಭೇದಿ ಹತ್ತಿ, ಹಿಂಡಿ ಹರವಿದ ಬಟ್ಟೆಯಂತಾಗಿ, ಇನ್ನೇನು ಹೋದಳೆನ್ನುವಾಗ ಮರಳಿದವಳು. ಅತ್ತಿಗೆಗೆ ನೀರಿನ ಹುಚ್ಚು ಹತ್ತಿದ್ದು ಆಗ. ಶಾಲೆಯ ನೀರನ್ನು ಹಂಡೆಯಲ್ಲಿ ಕುದಿಸಿ, ಮಣ್ಣಿನ ಗುಡಾಣಕ್ಕೆ ಸೋಸಿ, ಉದ್ದ ಹಿಡಿಯ ಸೌಟೊಂದನ್ನು ಅದಕ್ಕೆಂದೇ ತೂಗುಹಾಕಿದ್ದಳು. ಲೋಟ ಅದ್ದುವ ಮಗುವಿಗೆ ತಲೆಯ ಮೇಲೆ ಮೊಟಕು. ಸೋಪು ಹಚ್ಚದೆ ತಟ್ಟೆ ಹಿಡಿದು ಬಂದರೆ, “ಹೋಗ್ಲಾ, ಎಮ್ಮೆ ಬಾಲ ಹಿಡ್ದ್ ಕೈಲಿ ಅನ್ನ ಕೇಳ್ತೀಯ?” ಎಂದು ಸಾಲಿನ ಕೊನೆಗೆ ಅಟ್ಟುವಳು. ಮಕ್ಕಳಿಗೆ ಅವಳ ಬೈಗುಳ ಸಾರಿಗಿಂತ ರುಚಿ.

ಒಮ್ಮೆ ಸರ್ಕಾರದ ನರ್ಸಮ್ಮ ಬಂದು ಶಾಲೆಯ ಅಂಗಳದಲ್ಲಿ ಊರವರನ್ನೆಲ್ಲ ಕೂರಿಸಿ ಹೇಳಿದಳು. ವಾಂತಿಭೇದಿ ಹೇಲಿನಿಂದ ಕೈಗೆ, ಕೈಯಿಂದ ನೀರಿಗೆ, ನೀರಿನಿಂದ ಬಾಯಿಗೆ ಹೋಗುತ್ತದೆ. ನೀಲಿ ಕಂಡರೆ ಮುಚ್ಚಿಡಬೇಡಿ. ನೀರಿನಲ್ಲಿ ನೀಲಿ ಕಾಣುವುದಿಲ್ಲ, ಅದಕ್ಕೇ ನೀರು ಕುದಿಸಿ. ಭೇದಿಯಾದ ಮಗುವಿಗೆ ಕುದಿಸಿ ಆರಿಸಿದ ನೀರಿಗೆ ಉಪ್ಪು ಸಕ್ಕರೆ ಹದವಾಗಿ ಬೆರೆಸಿ ಗುಟುಕು ಗುಟುಕಾಗಿ ಕುಡಿಸಿ, ಆಸ್ಪತ್ರೆಗೆ ತನ್ನಿ. “ಮೊದಲು ಆ ಬಟ್ಟೆ ಬಿಚ್ಚಿ, ತಾಯಂದಿರೇ. ಕೈ ತೊಳೆಯೋಕಿರೋದು, ಹೊದಿಸೋಕಲ್ಲ” ಅಂದಾಗ ಮುಂದಿನ ಸಾಲಿನವರೆಲ್ಲ ಚಪ್ಪಾಳೆ ತಟ್ಟಿದರು. ಎರಡು ಪದರದ ಬಟ್ಟೆಯ ಚಪ್ಪಾಳೆಗೆ ಸದ್ದಿರಲಿಲ್ಲ. ಹಿಂದೆ ನೆಲದ ಮೇಲೆ ಕೂತಿದ್ದ ನಮ್ಮ ಬರಿಗೈ ಮಾತ್ರ ಪಟಪಟ ಅಂದವು. ತಿಂಗಳೊಳಗೆ ನರ್ಸಮ್ಮನಿಗೆ ವರ್ಗವಾಯಿತು.

ಮೇಲಿನ ಬೀದಿಯ ಮಕ್ಕಳು ನಮ್ಮ ಗುಡಾಣದ ನೀರು ಕುಡಿಯುತ್ತಿರುವುದು ಸರ್ವಮಂಗಳಮ್ಮನ ಕಿವಿಗೆ ಬಿದ್ದದ್ದು ಆಮೇಲೆ. ಬೇಸಿಗೆ ಕಾಲಿಟ್ಟಿತ್ತು. ಚೇರ್ಮನ್ನರ ಮನೆಯಿಂದ ಶಾಲೆಯ ಜಗಲಿಗೆ ಫಳಫಳ ಹೊಳೆಯುವ ಹಿತ್ತಾಳೆ ಕೊಳಗ ಬಂತು, ಅದರ ತುಂಬ ಅವರ ಮನೆಯ ಬಾವಿನೀರು. ‘ಪಾನಕಸೇವೆ’ ಎಂದು ಹೆಸರಿಟ್ಟರೂ ಒಳಗಿದ್ದದ್ದು ಹಸಿನೀರು. ಮಧ್ಯಾಹ್ನವಾದರೆ ಅಮ್ಮಾವರೇ ಬಂದು, ಗವಸಿನ ಕೈಯಲ್ಲಿ ಲೋಟ ಅದ್ದಿ ಅದ್ದಿ, ಮೇಲಿನ ಬೀದಿಯ ಮಕ್ಕಳಿಗೆ ಕೊಡುವರು. ತುಂಬಿದ ಲೋಟ ಹಿಡಿದಾಗ ಅವರ ಹೆಬ್ಬೆರಳು ನೀರೊಳಗೆ ಮುಳುಗಿರುತ್ತಿತ್ತು. ಅದು ಅವರಿಗೆ ಅಭ್ಯಾಸ.

ಅತ್ತಿಗೆ ಸುಮ್ಮನಿರುವ ಜಾಯಮಾನದವಳಲ್ಲ. “ಅಮ್ಮಾವ್ರೇ, ಹೆಬ್ಬೆಟ್ಟು ನೀರಲ್ಲೈತೆ” ಅಂದಳು.

ಸರ್ವಮಂಗಳಮ್ಮ ತಿರುಗಿಯೂ ನೋಡಲಿಲ್ಲ. “ಪಟ್ಟೆ ಬಟ್ಟೆ ಅದು. ಪಟ್ಟೆಗೆ ಮೈಲಿಗೆಯಿಲ್ಲ. ನಿನ್ನ ಒಲೆ ನೀನು ನೋಡ್ಕೊ, ಮಂಚಿ.”

“ಪಟ್ಟೆಗಿಲ್ಲ ಬುಡಿ, ಹೊಟ್ಟೆಗೈತಲ್ಲ?”

ಹೆಡ್‌ಮಾಸ್ತರು ಅನಂತರಾಮಯ್ಯ ಕೆಮ್ಮಿ ಒಳಗೆ ಹೋದರು. ಕೆಟ್ಟವರಲ್ಲ ಅವರು. ಕೆಮ್ಮಿ ಒಳಗೆ ಹೋಗುವುದೇ ಅವರ ಒಳ್ಳೆಯತನ.

ಮೊದಲು ಮೇಲಿನ ಬೀದಿಯ ಮಕ್ಕಳ ಜಾಗ ಖಾಲಿಯಾಗತೊಡಗಿತು. ಯಾಕೆಂದು ಕೇಳಿದರೆ ನೆಂಟರ ಮನೆ, ಹರಕೆ, ಹಲ್ಲುನೋವು. ಬೀದಿಯ ಚರಂಡಿ ಮಾತ್ರ ಸುಳ್ಳು ಹೇಳುತ್ತಿರಲಿಲ್ಲ. ಆ ದಾರಿಯಲ್ಲಿ ಹೋದವರಿಗೆ ಮೂಗು ಮುಚ್ಚದೆ ಗತಿಯಿರಲಿಲ್ಲ. ಬೇವಿನ ಸೊಪ್ಪು ಒಂದು ಬಾಗಿಲಲ್ಲೂ ಇಲ್ಲ, ನೀಲಿ ಒಂದು ಗೋಡೆಯ ಮೇಲೂ ಇಲ್ಲ. ಮುಚ್ಚಿದ ಕೈಗಳು ಒಂದರ ಮನೆಗೆ ಒಂದು ಹೋದವು, ಹಬ್ಬದ ಎಡೆ ಹಂಚಿದವು, ಮಕ್ಕಳಿಗೆ ತುತ್ತಿಟ್ಟವು. ಕಡೆಗೆ ರೈಸ್‌ಮಿಲ್ಲಿನವರ ಮಗು ಸತ್ತಿತು. ಹೆಣವನ್ನು ನೆಂಟರ ಮನೆಗೆ ಹೋಗಿದೆ ಎನ್ನಲಾಗುವುದಿಲ್ಲ. ಊರಿಗೆ ಈಗ ಒಬ್ಬ ಅಪರಾಧಿ ಬೇಕಾದ.

ಬೇಕಾದವರು ಅಡುಗೆಮನೆಯಲ್ಲೇ ಇದ್ದರಲ್ಲ. ನಂಜರಾಜರು ಹೆಂಡತಿಯನ್ನೂ ಬೀದಿಯ ಜನರನ್ನೂ ಕಟ್ಟಿಕೊಂಡು ಶಾಲೆಗೆ ಬಂದರು. “ಇವಳ ಕೈ ಅಡುಗೆಯಿಂದಲೇ ಬಂದಿದೆ. ಗೋಡೆ ಮುಟ್ಟಿಸಿ” ಅಂದರು.

ಅತ್ತಿಗೆ ಸೆರಗಿಗೆ ಕೈ ಒರೆಸಿಕೊಂಡು ಬಂದು ಗೇಟಿನ ಗೋಡೆಗೆ ಎರಡೂ ಅಂಗೈ ಒತ್ತಿದಳು. ತೆಗೆದಳು. ಗೋಡೆ ಹಾಲಿನಂತಿತ್ತು. ನಂಜರಾಜರ ಮುಖ ಕಪ್ಪಿಟ್ಟಿತು.

“ಇನ್ನೊಂದ್ಸಲ.”

ಒತ್ತಿದಳು. ನನ್ನನ್ನೂ ಒತ್ತಿಸಿದರು. ಗೋಡೆಯ ಮೇಲೆ ನಮ್ಮ ಬೆವರಿನ ತೇವ ಬಿಟ್ಟರೆ ಏನೂ ಇಲ್ಲ. ಗುಂಪಿನಲ್ಲಿ ಗುಸುಗುಸು ಎದ್ದಿತು. ಆಗ ನಂಜರಾಜರ ಬಾಯಿಂದ ಬಂದ ಮಾತು ಕೇಳಿ. ಇವತ್ತಿಗೂ ನನ್ನ ಎದೆಯಲ್ಲಿ ಕೆಂಡದ ಹಾಗೆ ಕೂತಿದೆ. “ಗೊತ್ತಾಯ್ತೇನ್ರಪ್ಪಾ? ಈ ಜನದ ಕೈಗೆ ನೀಲಿ ಹತ್ತೋದೇ ಇಲ್ಲ. ಒಳಗೊಳಗೇ ಇಟ್ಕೊಂಡಿರ್ತಾರೆ. ಬಣ್ಣ ಬಿಡೋ ಕೈಗಿಂತ ಬಣ್ಣ ಬಿಡದ ಕೈ ಹೆಚ್ಚು ಅಪಾಯ.” ಜನ ಹೌದು ಹೌದು ಎಂದು ತಲೆಯಾಡಿಸಿದರು. ನೀಲಿ ಬಂದಿದ್ದರೆ ರೋಗಿಷ್ಠೆ, ಬಾರದಿದ್ದರೆ ಕಳ್ಳಿ. ನಮಗೆಂದು ಅವರು ಕಟ್ಟಿದ ಗೋಡೆಗೆ ಎರಡು ಕಡೆಯೂ ಮುಳ್ಳು.

“ಆಯ್ತು ಬುದ್ಧಿ,” ಅತ್ತಿಗೆ ಕದಲದೆ ನಿಂತಳು. “ನಮ್ ಕೈ ನೋಡಿದ್ರಿ. ಈಗ ನೀವೊಂದ್ಸಲ ಬಿಚ್ಚಿ. ಅಮ್ಮಾವ್ರೂ ಬಿಚ್ಲಿ. ಎಲ್ರೂ ಸಾಲಾಗಿ ಒತ್ತಿ. ಯಾರ್ ಮನೆ ಜಾಡ್ಯ ಅಂತ ಗೋಡೆನೇ ಹೇಳ್ತದೆ.”

ಸರ್ವಮಂಗಳಮ್ಮ ಎರಡೂ ಕೈಯನ್ನು ಕಂಕುಳಲ್ಲಿ ಅಡಗಿಸಿಕೊಂಡಳು. “ಹೆಂಗಸರ ಕೈ ಬಿಚ್ಚು ಅಂತಾಳಲ್ರೀ!” ಎಂದು ಯಾರೋ ಕೂಗಿದ್ದೇ ತಡ, ಒಬ್ಬ ಅಡುಗೆಮನೆಗೆ ನುಗ್ಗಿ ಗುಡಾಣವನ್ನು ಅಂಗಳಕ್ಕೆ ಎತ್ತಿ ಹಾಕಿದ. ಕುದಿಸಿ ಸೋಸಿದ ನೀರೆಲ್ಲ ಮಕ್ಕಳ ಚಪ್ಪಲಿಗಳ ನಡುವೆ ಹರಿಯಿತು. ಆ ದಿನವೇ ನಮ್ಮಿಬ್ಬರನ್ನೂ ತೆಗೆದರು. ಇನ್ನುಮುಂದೆ ಎಲ್ಲ ಮಕ್ಕಳಿಗೂ ಒಂದೇ ನೀರು, ಕೊಳಗದ ನೀರು, ಶುದ್ಧವಾದದ್ದು ಎಂದು ಹೆಡ್‌ಮಾಸ್ತರು ಓದಿ ಹೇಳಿದರು. ನಮ್ಮ ಮಕ್ಕಳಿಗೆ ಆ ಊರು ಕೊಟ್ಟ ಮೊದಲ ಸಮಾನತೆ ಅದು.

ಅತ್ತಿಗೆ ಗೌತಮಿಯನ್ನು ಶಾಲೆ ಬಿಡಿಸುತ್ತೇನೆ ಅಂದಳು. ಹುಡುಗಿ ಕೇಳಲಿಲ್ಲ. ಪರೀಕ್ಷೆ ಹತ್ತಿರವಿತ್ತು, ಅವಳಿಗೆ ಪಾಠವೆಂದರೆ ಪ್ರಾಣ. ಕಡೆಗೆ ತಾಯಿ ಕುದಿಸಿದ ನೀರನ್ನು ಬಾಟಲಿಗೆ ತುಂಬಿ, “ಅಲ್ಲಿದು ಒಂದು ತೊಟ್ಟು ಬಾಯಿಗೆ ಹಾಕ್ಕಂಡ್ರೆ ಕಾಲು ಮುರೀತೀನಿ” ಎಂದು ಹೇಳಿ ಕಳಿಸಿದಳು. ಗೇಟಿನಲ್ಲಿ ಜವಾನ ಆ ಬಾಟಲಿಯ ಮುಚ್ಚಳ ತೆಗೆದು ಮಣ್ಣಿಗೆ ಸುರಿದ. ಕೆಳಗಲ ಕೇರಿಯ ನೀರು ಒಳಗೆ ಬರುವಂತಿಲ್ಲವೆಂದು ಅಪ್ಪಣೆಯಾಗಿತ್ತು. ಸುಡುವ ಬೇಸಿಗೆ, ಖಾರದ ಉಪ್ಪಿಟ್ಟು. ಮಗು ಎಷ್ಟು ಹೊತ್ತು ನಾಲಿಗೆ ಕಚ್ಚಿಕೊಂಡಿತ್ತೋ. ಮನೆಗೆ ಬಂದು ಬಾಗಿಲಲ್ಲೇ ನಿಂತು ಅತ್ತಳು: “ಅವ್ವಾ, ಬೋ ದಾಹ ಆಗಿತ್ತು ಕಣವ್ವಾ.”

ಎರಡು ದಿನ ಕಳೆದು ನಾನು ಅವರ ಮನೆಗೆ ಹೋದಾಗ ಒಲೆಯ ಪಕ್ಕದ ಗೋಡೆಯ ಮೇಲೆ ಒಂದು ನೀಲಿ ಕೈ ಇತ್ತು. ಪುಟ್ಟದು. ವಾಂತಿ ಬಂದು ಎದ್ದವಳು ಗೋಡೆ ಹಿಡಿದುಕೊಂಡಿದ್ದಳು. ಕಿರುಬೆರಳ ತುದಿ ಸರಿಯಾಗಿ ಮೂಡಿರಲಿಲ್ಲ. ಅತ್ತಿಗೆ ಅದರ ಮುಂದೆ ಕೂತಿದ್ದಳು. ಅವಳ ಬಾಯಲ್ಲಿ ಬೈಗುಳ ಇಲ್ಲದ್ದನ್ನು ನಾನು ಕಂಡದ್ದು ಅದೇ ಮೊದಲು.

“ಅತ್ತಿಗೆ, ಅಳೋಕೆ ಆಮೇಲೆ ಟೈಮೈತೆ. ಏಳು” ಅಂದೆ.

ಎದ್ದಳು. ಬೇವಿನ ಸೊಪ್ಪನ್ನು ಅವಳೇ ಮುರಿದು ತಂದು ಬಾಗಿಲಿಗೆ ಸಿಕ್ಕಿಸಿದಳು, ಕೇರಿಗೆಲ್ಲ ಕಾಣುವಂತೆ. ಕೇರಿ ಏನು ಮಾಡಬೇಕೆಂದು ಯಾರನ್ನೂ ಕೇಳಲಿಲ್ಲ. ಒಬ್ಬರು ಸೌದೆ ತಂದು ಜಗಲಿಗಿಟ್ಟರು, ಒಬ್ಬರು ಸಕ್ಕರೆ, ಒಬ್ಬರು ಸುಣ್ಣ. ಹಾಸಿದ ಬಟ್ಟೆ ಕುದಿಯುವ ಹಂಡೆಗೆ ಹೋಯಿತು. ಹೊಲಸನ್ನು ದೂರದಲ್ಲಿ ಗುಂಡಿ ತೋಡಿ ಸುಣ್ಣ ಸುರಿದು ಮುಚ್ಚಿದೆವು. ಗೌತಮಿಯನ್ನು ಆಸ್ಪತ್ರೆಗೆ ಒಯ್ಯೋಣವೆಂದರೆ ಬಸ್‌ಸ್ಟ್ಯಾಂಡಿನ ಗೋಡೆ ನೀಲಿ ಕೈಯನ್ನು ಹತ್ತಿಸುವುದಿಲ್ಲ. ನರ್ಸಮ್ಮ ಹೇಳಿದ ಉಪ್ಪು ಸಕ್ಕರೆಯ ನೀರನ್ನು ಚಮಚ ಚಮಚವಾಗಿ ಕುಡಿಸುತ್ತ ಅತ್ತಿಗೆ ಅವಳ ಬಾಯನ್ನೇ ನೋಡುತ್ತ ಕೂತಳು. ಕುಡಿದದ್ದು ಹೊರಗೆ, ಮತ್ತೆ ಚಮಚ. ಕಣ್ಣು ಗುಳಿ ಬಿತ್ತು, ಚರ್ಮ ಹಿಡಿದು ಬಿಟ್ಟರೆ ಎದ್ದೇ ನಿಲ್ಲುತ್ತಿತ್ತು. ಒಂದು ಗಳಿಗೆ ಮಗು ಮಿಸುಕದಾದಾಗ ಅತ್ತಿಗೆ ಅವಳ ಕಿವಿಗೆ ಬಾಯಿಟ್ಟು, “ಏಯ್ ಕತ್ತೆ, ಪರೀಕ್ಷೆ ಯಾರು ಬರೀತಾರೆ, ನಾನಾ?” ಎಂದು ಗದರಿದಳು. ಹುಡುಗಿಯ ತುಟಿ ಅಲ್ಲಾಡಿತು. ಬೆಳಗಾಗುವ ಹೊತ್ತಿಗೆ ಉಚ್ಚೆ ಹೊಯ್ದಳು, ಕುಡಿಸಿದ ನೀರು ಮೈಗೆ ಹತ್ತಿತ್ತು. ಮಗಳು ಉಚ್ಚೆ ಹೊಯ್ದಳೆಂದು ಬೀದಿಗೆ ಬಂದು ಸಾರಿದ ತಾಯಿಯನ್ನು ನೀವು ಕಂಡಿದ್ದೀರೋ ಇಲ್ಲವೋ, ನಾನು ಕಂಡಿದ್ದೇನೆ.

ಜಾಡ್ಯ ಆ ಮನೆಯ ಹೊಸ್ತಿಲು ದಾಟಲಿಲ್ಲ. ಕೇರಿಯ ಇನ್ನೊಂದು ಕೈಯೂ ನೀಲಿಯಾಗಲಿಲ್ಲ.

ಇಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಬಾಗಿಲ ಬೇವಿನ ಸೊಪ್ಪು ಕಂಡು ಪುರಸಭೆಯವರು ಬಂದರು. ಗೋಡೆ ನೋಡಿದರು. ಅವರ ಮುಖದಲ್ಲಿ ಸಮಾಧಾನ ಕಂಡದ್ದು ಆಗ. ಇಡೀ ಊರಿನಲ್ಲಿ ಕಣ್ಣಿಗೆ ಬಿದ್ದ ಒಂದೇ ಒಂದು ನೀಲಿ ಕೈ ಗೌತಮಿಯದು. ನಾವು ಅದನ್ನು ಮುಚ್ಚಿಡಲಿಲ್ಲವಲ್ಲ, ಅದೇ ಸಾಕ್ಷಿಯಾಯಿತು. “ಸಿಕ್ತು ನೋಡಿ ಮೂಲ!” ಅಂದರು ನಂಜರಾಜರು. ನಮ್ಮ ಕೈಗೆ ನೀಲಿ ಹತ್ತುವುದೇ ಇಲ್ಲವೆಂದು ಸಾರಿದ್ದ ಬಾಯಿ ಅದು. ಸಂಜೆಯೊಳಗೆ ಕೇರಿಯ ಸುತ್ತ ಜಾಲಿಮುಳ್ಳಿನ ಬೇಲಿ ಎದ್ದಿತು. ಒಳಗಿನವರು ಹೊರಗೆ ಬರುವಂತಿಲ್ಲ, ಊರಿನ ಕ್ಷೇಮಕ್ಕಾಗಿ.

ಬೇಲಿಯ ಒಳಗೆ ನಾವು ಚೆನ್ನಾಗಿಯೇ ಇದ್ದೆವು. ಹೊರಗೆ ಊರು ಸಾಯುತ್ತಿತ್ತು. ದಿಬ್ಬದ ಮೇಲಿನ ಸುಡುಗಾಡಿನ ಹೊಗೆ ನಮಗೆ ಕಾಣುತ್ತಿತ್ತು. ಗೌತಮಿ ಗೋಡೆಗೊರಗಿ ಪುಸ್ತಕ ಹಿಡಿದವಳು, “ಅವ್ವಾ, ಇವತ್ತು ಯಾರ್ದು?” ಎಂದು ಕೇಳುವಳು. ಅತ್ತಿಗೆ ಹಂಡೆಯ ಕೆಳಗೆ ಇನ್ನೊಂದು ಸೌದೆ ನೂಕುವಳು.

ಹಾಗಿರುವಾಗ ಒಂದು ಮಟಮಟ ಮಧ್ಯಾಹ್ನ ಬೇಲಿಯ ಆಚೆ ಸರ್ವಮಂಗಳಮ್ಮ ಬಂದು ನಿಂತಳು. ಸೊಂಟದಲ್ಲಿ ಹಿರೀಮಗಳ ಕೂಸು, ಕತ್ತು ಒಂದು ಕಡೆ ವಾಲಿತ್ತು, ಕಣ್ಣು ಗುಳಿ ಬಿದ್ದಿತ್ತು. ಸ್ವಲ್ಪ ದೂರದಲ್ಲಿ, ದಿಬ್ಬದ ಮೇಲೆ, ಮೇಲಿನ ಬೀದಿಯ ನಾಲ್ಕಾರು ಜನ ನೋಡುತ್ತ ನಿಂತಿದ್ದರು.

“ಮಂಚಮ್ಮಾ,” ಅಂದಳು. ಮಂಚಿ ಮಂಚಮ್ಮ ಆಗಿದ್ದಳು. “ನಿನ್ನ ಮಗಳು ಉಳಿದಳಂತಲ್ಲ. ಏನು ಕೊಟ್ಟೆ ನೀನು? ಅದನ್ನ ಕೊಡೇ ತಾಯಿ. ಇದು ನಿನ್ನೆಯಿಂದ ಕಣ್ಣು ಬಿಟ್ಟಿಲ್ಲ.”

ಅತ್ತಿಗೆಯ ಬಾಯಿಂದ ಏನು ಬರುತ್ತದೋ ಎಂದು ನಾನು ಹೆದರಿದೆ. ಅವಳು ಕೂಸನ್ನು ನೋಡಿದಳು. ಒಳಗೆ ಹೋಗಿ, ಆರಿಸಿಟ್ಟ ನೀರಿಗೆ ಉಪ್ಪು ಸಕ್ಕರೆ ಕಲಸಿ ಚೆಂಬಿನಲ್ಲಿ ತಂದಳು. ಇನ್ನೊಂದು ಕೈಯಲ್ಲಿ ಸೋಪಿನ ಚೂರು, ತಂಬಿಗೆಯಲ್ಲಿ ಕೈ ತೊಳೆಯುವ ನೀರು. ಮುಳ್ಳಿನ ಸಂದಿಯಲ್ಲಿ ತೋಳು ಗೀರಿಸಿಕೊಂಡು ಎಲ್ಲವನ್ನೂ ಆಚೆಗಿಟ್ಟಳು.

“ಅಮ್ಮಾವ್ರೇ, ಇದ್ರಲ್ಲಿ ಮಂತ್ರ ಇಲ್ಲ, ಉಪ್ಪು ಸಕ್ರೆ ನೀರು. ಚಮಚದಲ್ಲಿ ಹಾಕ್ತಾ ಆಸ್ಪತ್ರೆಗೆ ಓಡಿ. ಆದ್ರೆ ಮೊದ್ಲು ಆ ದರಿದ್ರ ಬಿಚ್ಚಿ. ಕೈ ತೊಳೀರಿ. ಆ ಕೈಲಿ ಮುಟ್ಟುದ್ರೆ ಇದೂ ನಿಮ್ ಕೊಳಗದ ನೀರೇ ಆಯ್ತದೆ.”

ಸರ್ವಮಂಗಳಮ್ಮ ಗವಸಿನ ಗಂಟಿಗೆ ಬೆರಳಿಟ್ಟಳು. ಪಟ್ಟೆಯ ಅಂಚು ಕೊಳೆತು ಹಸಿರುಗಟ್ಟಿತ್ತು. ಮುಳ್ಳಿನ ಈಚೆಗೂ ನಾತ ಹೊಡೆಯಿತು. ಗಂಟು ಅರ್ಧ ಸಡಿಲಿತು, ಮಣಿಕಟ್ಟು ಕಂಡಿತು. ಅಷ್ಟರಲ್ಲಿ ಅವಳು ಕತ್ತು ತಿರುಗಿಸಿ ದಿಬ್ಬದ ಕಡೆ ನೋಡಿದಳು.

“ನೋಡ್ತಿದಾರೆ, ಮಂಚಮ್ಮ” ಅಂದಳು, ಪಿಸುದನಿಯಲ್ಲಿ.

“ನೋಡ್ಲಿ ಬುಡಿ! ಅವರ ಗವಸೊಳಗೇನು ಮಲ್ಲಿಗೆ ಹೂವೈತಾ? ಬಿಚ್ಚವ್ವಾ, ನಿನ್ ಕಾಲು ಹಿಡೀತೀನಿ, ಕೂಸು ನೋಡು ಹೆಂಗಾಗೈತೆ!”

ನನ್ನತ್ತಿಗೆ ಆ ಹೆಂಗಸಿನ ಕಾಲು ಹಿಡಿಯುವ ಮಾತಾಡಿದಳು. ತನ್ನ ಗುಡಾಣ ಒಡೆಸಿದವಳ ಕಾಲು.

ಸರ್ವಮಂಗಳಮ್ಮ ಗಂಟನ್ನು ಮತ್ತೆ ಬಿಗಿದಳು. ಬಗ್ಗಿ ಚೆಂಬು ಎತ್ತಿಕೊಂಡಳು. ಸೋಪು ಅಲ್ಲೇ ಉಳಿಯಿತು. ಕೂಸನ್ನು ಸೊಂಟಕ್ಕೆ ಸರಿಮಾಡಿಕೊಂಡು, ನೀರು ತುಳುಕದಂತೆ ಜೋಪಾನವಾಗಿ, ದಿಬ್ಬ ಹತ್ತಿ ಹೋದಳು. ಅತ್ತಿಗೆ ಮುಳ್ಳು ಹಿಡಿದುಕೊಂಡು ಅವಳು ಮರೆಯಾಗುವವರೆಗೂ ಕೂಗುತ್ತಲೇ ಇದ್ದಳು. ಚೆಂಬಿನ ಕಂಠ ಹಿಡಿದಿದ್ದ ಪಟ್ಟೆಯ ಹೆಬ್ಬೆರಳು ಆ ನೀರಿನೊಳಗೆ ಮುಳುಗಿತ್ತು.